ಗದರಿಕೆಯ ಹದ: ಮಲೆನಾಡಿನ ಮೈದಾನದಲ್ಲಿ ಯಾವ ಮಗುವಿಗೆ ಎಷ್ಟು ಬಿಗಿ

ಸಂಜೆ ನಾಲ್ಕೂವರೆ, ಶಾಲೆ ಮೈದಾನದಲ್ಲಿ ಕಬಡ್ಡಿ ಅಭ್ಯಾಸ. ರೈಡ್ ಹೋದವರೆಲ್ಲ ಎದುರಾಳಿಯನ್ನು ಮುಟ್ಟಿದ ಕೂಡಲೇ ಬೆನ್ನು ತಿರುಗಿಸಿ ಓಡಿ ಬರುತ್ತಿದ್ದಾರೆ, ಹಿಂದಿನಿಂದ ಚೈನ್ (ಕೈಕೈ ಹಿಡಿದ ಎದುರಾಳಿಗಳು) ಬಂದು ಹಿಡಿಯುತ್ತಿದೆ. ತರಬೇತುದಾರರು ನಾಲ್ವರಿಗೂ ಒಂದೇ ಮಾತನ್ನು ಒಂದೇ ದನಿಯಲ್ಲಿ ಗದರುತ್ತಾರೆ. ಮೊದಲನೆಯವನು ಹಲ್ಲು ಕಚ್ಚಿ ಹೋಗಿ ಮುಂದಿನ ರೈಡಿನಲ್ಲಿ ಪಾಯಿಂಟ್ ತರುತ್ತಾನೆ. ಎರಡನೆಯವನು ನಕ್ಕು ತಲೆಯಾಡಿಸಿ ಮತ್ತೆ ಬೆನ್ನು ತಿರುಗಿಸುತ್ತಾನೆ. ಮೂರನೆಯವನು ಬಾಕ್ ಲೈನ್ (ಎದುರಾಳಿ ಅಂಕಣದಲ್ಲಿ ರೈಡರ್ ದಾಟಬೇಕಾದ ಗೆರೆ) ದಾಟಿ ಹಾಗೇ ವಾಪಸ್ ಬರುತ್ತಾನೆ, ಯಾರನ್ನೂ ಮುಟ್ಟಲು ಹೋಗುವುದೇ ಇಲ್ಲ. ನಾಲ್ಕನೆಯವನು ಅವತ್ತು ಚೆನ್ನಾಗಿಯೇ ಆಡಿ ಮುಗಿಸುತ್ತಾನೆ. ಮರುದಿನ ಹೊಟ್ಟೆನೋವು ಅಂತ ಬರುವುದಿಲ್ಲ.

ಮೊದಲನೆಯವನನ್ನು ತೋರಿಸಿ ‘ಬೈದರೇನೇ ಮಕ್ಕಳು ಕಲಿಯೋದು’ ಅನ್ನುವವರಿದ್ದಾರೆ. ನಾಲ್ಕನೆಯವನನ್ನು ತೋರಿಸಿ ‘ಬೈಯಲೇಬಾರದು’ ಅನ್ನುವವರೂ ಇದ್ದಾರೆ. ಇಬ್ಬರೂ ಒಬ್ಬನನ್ನು ನೋಡಿ ಇಡೀ ತಂಡಕ್ಕೆ ತೀರ್ಪು ಕೊಡುತ್ತಿದ್ದಾರೆ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆ 10ರಿಂದ 17 ವರ್ಷದ ಮಕ್ಕಳನ್ನು ತಯಾರು ಮಾಡುವ ದೈಹಿಕ ಶಿಕ್ಷಕರು, ಕ್ಲಬ್ ತರಬೇತುದಾರರು ಮತ್ತು ಹಾಸ್ಟೆಲ್ ಮೈದಾನ ನೋಡಿಕೊಳ್ಳುವವರು ಪ್ರತಿ ಮಗುವಿನ ಹದವನ್ನು ಹೇಗೆ ಕಂಡುಕೊಳ್ಳಬಹುದು, ಅದನ್ನು ಹೇಗೆ ಬಳಸಬಹುದು ಎಂಬುದನ್ನು ಇಲ್ಲಿ ಬರೆದಿದ್ದೇವೆ.

ಬಿಗಿ ಅಂದರೆ ಯಾವುದು

ಬಿಗಿಯಲ್ಲಿ ಮೂರು ಬಗೆ ಇವೆ. ಮೂರನ್ನೂ ಒಂದೇ ಅಂದುಕೊಳ್ಳುವುದರಿಂದಲೇ ಬಹಳಷ್ಟು ತಪ್ಪುಗಳು ಹುಟ್ಟುತ್ತವೆ. ಒಂದು, ಕೆಲಸದ ಬಿಗಿ: ಎಷ್ಟು ಓಟ, ಎಷ್ಟು ಸಲ, ಎಷ್ಟು ಅಚ್ಚುಕಟ್ಟಾಗಿ. ಎರಡು, ನಿಯಮದ ಬಿಗಿ: ಹೊತ್ತಿಗೆ ಸರಿಯಾಗಿ ಬರುವುದು, ಶೂ ಲೇಸ್ ಕಟ್ಟಿಕೊಳ್ಳುವುದು, ಕೋನ್‌ಗಳನ್ನು ಎತ್ತಿಡುವುದು. ಮೂರು, ಮಾತಿನ ಬಿಗಿ: ದನಿ, ಮುಖಭಾವ, ಎಲ್ಲರ ಮುಂದೆ ಹೇಳುವುದೋ ಪಕ್ಕಕ್ಕೆ ಕರೆದು ಹೇಳುವುದೋ.

ನಿಯಮದ ಬಿಗಿ ಎಲ್ಲರಿಗೂ ಒಂದೇ ಇರಬೇಕು. ಚೆನ್ನಾಗಿ ಆಡುವವನಿಗೆ ಅದರಲ್ಲಿ ವಿನಾಯಿತಿ ಕೊಟ್ಟ ದಿನವೇ ಉಳಿದವರು ಮನಸ್ಸಿನಲ್ಲಿ ತಂಡ ಬಿಟ್ಟಿರುತ್ತಾರೆ. ಕೆಲಸದ ಬಿಗಿ ಮಗುವಿನ ಮೈಗೆ ತಕ್ಕಂತೆ, ಮಾತಿನ ಬಿಗಿ ಮಗುವಿನ ಮನಸ್ಸಿಗೆ ತಕ್ಕಂತೆ. ಜಾತಿ, ಮೈಬಣ್ಣ, ಊರು, ಅಪ್ಪನ ಕೆಲಸ, ಮೈಕಟ್ಟು ಎತ್ತಿ ಆಡುವ ಮಾತು ಈ ಮೂರರಲ್ಲಿ ಯಾವುದಕ್ಕೂ ಸೇರುವುದಿಲ್ಲ. ಅದು ಅವಮಾನ, ಅದಕ್ಕೆ ಹದ ಅಂತ ಒಂದಿಲ್ಲ.

ಮೊದಲ ಮೂರು ವಾರ ನೋಡುವುದು

ಒಂದು ನೂರು ಪುಟದ ನೋಟ್‌ಬುಕ್ ಸಾಕು. 30 ಮಕ್ಕಳಿದ್ದರೆ ದಿನಕ್ಕೆ ಐವರನ್ನು ಆರಿಸಿಕೊಳ್ಳಿ. ಆರು ದಿನಕ್ಕೆ ಒಂದು ಸುತ್ತು, ಮೂರು ವಾರಕ್ಕೆ ಪ್ರತಿಯೊಬ್ಬರನ್ನೂ ಮೂರು ಸಲ ನೋಡಿದಂತಾಗುತ್ತದೆ. ಆ ಐವರಲ್ಲಿ ಯಾರಿಗಾದರೂ ಗಟ್ಟಿಯಾಗಿ ತಿದ್ದಿ ಹೇಳಿದರೆ, ಆಮೇಲಿನ ಮೂರು ಪ್ರಯತ್ನಗಳನ್ನು ಬೇರೆ ಏನೂ ಮಾಡದೆ ನೋಡಿ. ಸರ್ವಿಸ್ ಆದರೆ ಮೂರು ಸರ್ವಿಸ್, ರೈಡ್ ಆದರೆ ಮೂರು ರೈಡ್. ಸುಧಾರಿಸಿತೇ, ಹಾಗೇ ಇದೆಯೇ, ತಪ್ಪಾಗುವ ಭಯಕ್ಕೆ ಸುರಕ್ಷಿತವಾಗಿ ಆಡಲು ಶುರುಮಾಡಿದನೇ, ಕೆಟ್ಟಿತೇ? ಒಂದೇ ಪದ ಬರೆಯಿರಿ. ಅದರ ಪಕ್ಕದಲ್ಲಿ ಮರುದಿನದ ಹಾಜರಿ: ಹೊತ್ತಿಗೆ ಬಂದನೇ, ತಡವಾಗಿ ಬಂದನೇ, ಬರಲೇ ಇಲ್ಲವೇ.

ಈ ಎರಡನೇ ಕಾಲಂ ಬಿಟ್ಟರೆ ಇಡೀ ಲೆಕ್ಕ ತಪ್ಪುತ್ತದೆ. ಮೈದಾನದಲ್ಲಿ ತಕ್ಷಣ ಚುರುಕಾಗುವ ಮಗು ಹೆದರಿಕೆಗೂ ಚುರುಕಾಗಿರಬಹುದು, ಹಾಗಿದ್ದರೆ ಅದು ಮರುದಿನದ ಹಾಜರಿಯಲ್ಲಿ ಕಾಣಿಸುತ್ತದೆ. ‘ಹಾಗೇ ಇದೆ’ ಎಂದು ಮೂರು ಸಲವೂ ಬರೆದಿದ್ದರೆ ಮಗು ಮೊಂಡ ಅಂತಲ್ಲ. ಹೇಳಿದ್ದು ಅರ್ಥವಾಗಿಲ್ಲ ಎಂದೇ ಮೊದಲು ಹಿಡಿಯಿರಿ.

ಮಲೆನಾಡಿನ ಮಕ್ಕಳ ಬಗ್ಗೆ ಒಂದು ಎಚ್ಚರಿಕೆ ಇಲ್ಲಿ ಬೇಕು. ಗುಡ್ಡಕ್ಕೊಂದು ಮನೆ ಇರುವ ಊರಿನಿಂದ, ತರಗತಿಗೆ ಐದಾರು ಮಕ್ಕಳಿರುವ ಶಾಲೆಯಿಂದ ಬಂದು ಪೇಟೆಯ ಹಾಸ್ಟೆಲ್ ಸೇರಿದ ಮಗು ಹೆಚ್ಚು ಮಾತಾಡದಿರಬಹುದು. ‘ಹೂಂ ಸರ್’ ಅಂದು ತಲೆ ತಗ್ಗಿಸಿದರೆ ಒಪ್ಪಿಕೊಂಡಿತು ಎಂದಲ್ಲ, ತಡೆದುಕೊಳ್ಳುತ್ತದೆ ಎಂದೂ ಅಲ್ಲ. ದೊಡ್ಡವರ ಮುಂದೆ ಹಾಗೆ ನಿಲ್ಲುವುದನ್ನು ಅದು ಮನೆಯಲ್ಲಿ ಕಲಿತಿದೆ, ಅಷ್ಟೆ. ‘ಆ ಹುಡುಗಿ ಎಷ್ಟು ಬೈದರೂ ಒಂದು ಮಾತಾಡಲ್ಲ, ಗಟ್ಟಿ ಹುಡುಗಿ’ ಎಂದು ಬಾಯಲ್ಲಿ ಬಂದ ತಕ್ಷಣ ನೋಟ್‌ಬುಕ್ಕಿನ ಹಾಜರಿ ಕಾಲಂ ನೋಡಿ.

ಒಂದೇ ಮಾತು ಬೇರೆ ಬೇರೆಯಾಗಿ ತಾಗುವುದೇಕೆ

ಮೊದಲ ಕಾರಣ ಕೆಲಸದಲ್ಲೇ ಇದೆ. 1908ರಲ್ಲಿ ರಾಬರ್ಟ್ ಯರ್ಕಿಸ್ ಮತ್ತು ಜಾನ್ ಡಾಡ್ಸನ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞರು ಇಲಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಸುಲಭದ ಕೆಲಸ ಕಲಿಯುವಾಗ ಒತ್ತಡ ಹೆಚ್ಚಿದಷ್ಟೂ ಅನುಕೂಲವಾಯಿತು, ಕಷ್ಟದ ಕೆಲಸಕ್ಕೆ ಅದೇ ಒತ್ತಡ ಅಡ್ಡಿಯಾಯಿತು. ಮೈದಾನದಲ್ಲೂ ಇದು ಕಾಣುತ್ತದೆ. 800 ಮೀಟರ್ ಓಟದ ಕೊನೆಯ ನೂರು ಮೀಟರಿನಲ್ಲಿ ‘ಎಳಿ, ಎಳಿ, ಬಿಡಬೇಡ’ ಎಂದು ಕೂಗಿದರೆ ಕಾಲು ಓಡುತ್ತದೆ. ರಿಲೇಯಲ್ಲಿ ಬ್ಯಾಟನ್ ಬದಲಿಸುವಾಗ, ವಾಲಿಬಾಲ್ ಸರ್ವಿಸ್ ಎತ್ತುವಾಗ, ಖೋ ಖೋದಲ್ಲಿ ಕಂಬದ ಬಳಿ ಡೈವ್ ಕಲಿಯುವಾಗ ಅದೇ ಕೂಗು ಕೈಕಾಲು ಬಿಗಿದು ಹಾಕುತ್ತದೆ. ಚೆನ್ನಾಗಿ ರೂಢಿಯಾದ ಕೆಲಸಕ್ಕೆ ದನಿ ಏರಿಸಬಹುದು, ಹೊಸದಾಗಿ ಕಲಿಯುತ್ತಿರುವ ಕೌಶಲಕ್ಕೆ ಇಳಿಸಬೇಕು.

ಎರಡನೆಯದು ಮಗುವಿಗೆ ತನ್ನ ಮೇಲಿರುವ ನಂಬಿಕೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ರೊನಾಲ್ಡ್ ಸ್ಮಿತ್ ಮತ್ತು ಫ್ರಾಂಕ್ ಸ್ಮೋಲ್ 1970ರ ದಶಕದಿಂದ ಮಕ್ಕಳ ಬೇಸ್‌ಬಾಲ್ ತಂಡಗಳಲ್ಲಿ ತರಬೇತುದಾರರ ನಡವಳಿಕೆಯನ್ನು ಎಣಿಸಿ ದಾಖಲಿಸಿದರು. ತರಬೇತುದಾರರ ಮಾತಿನಿಂದ ಅತಿ ಹೆಚ್ಚು ಬದಲಾದವರು ತಮ್ಮ ಬಗ್ಗೆ ಕೀಳಾಗಿ ಭಾವಿಸಿಕೊಂಡಿದ್ದ ಮಕ್ಕಳು. ಆತ್ಮವಿಶ್ವಾಸ ಇರುವವನು ಗದರಿಕೆಯಲ್ಲಿ ತಂತ್ರದ ತಪ್ಪನ್ನು ಕೇಳಿಸಿಕೊಳ್ಳುತ್ತಾನೆ. ಇಲ್ಲದವನಿಗೆ ಕೇಳಿಸುವುದು ‘ನೀನು ಆಗದವನು’ ಎಂಬುದು ಮಾತ್ರ.

ಮೂರನೆಯದು ಮೈ. ಇದನ್ನು ತೀರಾ ಕಡಿಮೆ ಜನ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳಬೇಕು. ಹುಡುಗಿಯರು ಸುಮಾರು 12ನೇ ವಯಸ್ಸಿನಲ್ಲಿ, ಹುಡುಗರು ಸುಮಾರು 14ರಲ್ಲಿ ಅತಿ ವೇಗವಾಗಿ ಎತ್ತರ ಬೆಳೆಯುತ್ತಾರೆ. ಆಗ ಕೈಕಾಲು ಉದ್ದವಾಗಿರುತ್ತದೆ, ಹಿಡಿತ ಇನ್ನೂ ಬಂದಿರುವುದಿಲ್ಲ. ಕಳೆದ ವರ್ಷ ಅಚ್ಚುಕಟ್ಟಾಗಿ ಆಡುತ್ತಿದ್ದ ಹುಡುಗ ಈ ವರ್ಷ ಎಡವುತ್ತಾನೆ, ಸ್ಟಾರ್ಟ್ ತಡವಾಗುತ್ತದೆ. ನೋಡುವವರಿಗೆ ಸೋಮಾರಿತನ ಅನ್ನಿಸುತ್ತದೆ. ಶಾಲೆಯ ಗೋಡೆಗೆ ಟೇಪ್ ಅಂಟಿಸಿ ಮೂರು ತಿಂಗಳಿಗೊಮ್ಮೆ ಎತ್ತರ ಅಳೆಯಿರಿ. ಬರಿಗಾಲಲ್ಲಿ, ಬೆಳಗಿನ ಹೊತ್ತು. ಸಂಜೆಗೆ ಮೈ ಸ್ವಲ್ಪ ಕುಗ್ಗಿರುವುದರಿಂದ ಹೊತ್ತು ಬದಲಾದರೆ ಅಳತೆಯೂ ತಪ್ಪುತ್ತದೆ. ಮೂರು ತಿಂಗಳಲ್ಲಿ 2 ಸೆಂಟಿಮೀಟರ್ ಅಥವಾ ಹೆಚ್ಚು ಬೆಳೆದಿದ್ದರೆ ಆ ಮಗುವಿನ ನೆಗೆತ ಕಡಿಮೆ ಮಾಡಿ, ಮೂಲ ಹೆಜ್ಜೆಗಳಿಗೆ ವಾಪಸ್ ಹೋಗಿ, ತಪ್ಪಿಗೆ ಗದರಬೇಡಿ. ಮಂಡಿಚಿಪ್ಪಿನ ಕೆಳಗಿನ ಉಬ್ಬು ಮೂಳೆಯ ಮೇಲೆ ಅಥವಾ ಹಿಮ್ಮಡಿಯಲ್ಲಿ ನೋವು ಅಂದರೆ ಅದು ನೆಪವಲ್ಲ. ಈ ವಯಸ್ಸಿನಲ್ಲಿ ಸ್ನಾಯುರಜ್ಜು ಮೂಳೆಗೆ ಅಂಟಿಕೊಳ್ಳುವ ಜಾಗ ಇನ್ನೂ ಎಳೆಯದಾಗಿರುತ್ತದೆ, ಓಡಿ ನೆಗೆದಂತೆಲ್ಲ ಅಲ್ಲಿ ಎಳೆತ ಬೀಳುತ್ತದೆ.

ಹುಡುಗಿಯರಲ್ಲಿ ರಕ್ತಹೀನತೆ ಇನ್ನೊಂದು. ಎರಡನೇ ಸುತ್ತಿಗೇ ಏದುಸಿರು, ಬಿಳಿಚಿದ ಕಣ್ಣಿನ ಒಳರೆಪ್ಪೆ, ಬೇಗ ಸುಸ್ತು ಇದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. 12 ವರ್ಷ ದಾಟಿದ ಹುಡುಗಿಯರಲ್ಲಿ ಅದು 12 ಗ್ರಾಂಗಿಂತ ಕಡಿಮೆ ಇದ್ದರೆ ಚಿಕಿತ್ಸೆ ಬೇಕು. ರಕ್ತ ಕಡಿಮೆ ಇರುವ ಮಗುವಿಗೆ ‘ಮನಸ್ಸಿಟ್ಟು ಓಡು’ ಎಂದು ಗದರುವುದು ಅನ್ಯಾಯ. ಮುಟ್ಟಿನ ದಿನಗಳಲ್ಲಿ ಕಾರಣವನ್ನು ಎಲ್ಲರ ಮುಂದೆ ಕೇಳಬೇಡಿ. ‘ಇವತ್ತು ಹಗುರ’ ಎಂದು ಹುಡುಗಿಯೇ ಬಂದು ಹೇಳಿದರೆ ಸಾಕು, ಮರುಪ್ರಶ್ನೆ ಇಲ್ಲ ಎಂದು ಮೊದಲ ವಾರದಲ್ಲೇ ತಂಡಕ್ಕೆ ತಿಳಿಸಿಬಿಡಿ.

ಗದರುವ ವಿಧಾನ

ಮೈದಾನದ ಆ ತುದಿಯಿಂದ ಕೂಗಬೇಡಿ. ನಡೆದು ಹೋಗಿ, ಎರಡು ಮಾರು ದೂರದಲ್ಲಿ, ಎದುರಿಗಲ್ಲ, ಪಕ್ಕಕ್ಕೆ ನಿಲ್ಲಿ. ಹೆಸರು ಹಿಡಿದು ಕರೆಯಿರಿ. ಒಂದು ತಪ್ಪು, ಒಂದು ತಿದ್ದುಪಡಿ, ಕೂಡಲೇ ಮತ್ತೊಂದು ಅವಕಾಶ. ಎಲ್ಲ ಸೇರಿ ಹದಿನೈದು ಸೆಕೆಂಡ್ ಮೀರಬಾರದು.

‘ಎಷ್ಟು ಸಲ ಹೇಳ್ಬೇಕು ನಿಂಗೆ? ತಲೇಲಿ ಏನಿದೆ?’ ಎಂಬ ಮಾತಿನಲ್ಲಿ ಮಗು ಮಾಡಬಹುದಾದದ್ದು ಏನೂ ಇಲ್ಲ. ‘ಮುಟ್ಟಿದ್ಮೇಲೆ ಬೆನ್ನು ಕೊಡ್ಬೇಡ. ಮುಖ ಅವರ ಕಡೆ ಇಟ್ಕೊಂಡೇ ಹಿಂದೆ ಬಾ. ಹೋಗು, ಇನ್ನೊಂದು ರೈಡ್’ ಎಂಬುದರಲ್ಲಿ ಮಾಡಬೇಕಾದದ್ದೆಲ್ಲ ಇದೆ. ಎರಡನೆಯದನ್ನು ಗಟ್ಟಿ ದನಿಯಲ್ಲೇ ಹೇಳಬಹುದು, ತೊಂದರೆಯಿಲ್ಲ. ಖೋ ಕೊಡುವ ಮೊದಲೇ ಏಳುವ ಹುಡುಗಿಗೆ ‘ಅವಸರ ಮಾಡ್ಬೇಡ’ ಅಂದರೆ ಸಾಲದು. ‘ಕಿವಿಗೆ ಖೋ ಬಿದ್ಮೇಲೆ ಕೈ ನೆಲ ಬಿಡ್ಲಿ’ ಎಂದರೆ ಅವಳಿಗೆ ಹಿಡಿದುಕೊಳ್ಳಲು ಒಂದು ಗುರುತು ಸಿಗುತ್ತದೆ.

ಕೆಣಕಿದರೆ ಕೆರಳಿ ಆಡುವವನಿಗೆ ಕಷ್ಟದ ಗುರಿ ಕೊಡಿ: ಹತ್ತು ರೈಡಿನಲ್ಲಿ ನಾಲ್ಕು ಪಾಯಿಂಟ್. ಇವನ ವಿಷಯದಲ್ಲಿ ಆಗುವ ತಪ್ಪೆಂದರೆ, ತಡೆದುಕೊಳ್ಳುತ್ತಾನೆಂದು ಇಡೀ ತಂಡದ ಗದರಿಕೆಯನ್ನು ಇವನ ತಲೆಗೇ ಕಟ್ಟುವುದು. ಒಂದು ಋತು ತಡೆಯುತ್ತಾನೆ, ಎರಡನೆಯದಕ್ಕೆ ಸಿಡಿಯುತ್ತಾನೆ. ‘ಎಲ್ಲರ ಮುಂದೆ ಹೇಳ್ಲಾ, ಒಬ್ಬನಿಗೇ ಹೇಳ್ಲಾ?’ ಎಂದು ಅವನನ್ನೇ ಕೇಳಿ, ಅವನು ಹೇಳಿದಂತೆ ಮಾಡಿ.

ಸುರಕ್ಷಿತವಾಗಿ ಆಡಲು ಶುರುಮಾಡುವ ಮಗುವಿಗೆ ಫಲಿತಾಂಶದ ಲೆಕ್ಕವನ್ನೇ ತೆಗೆದುಹಾಕಿ. ‘ಈ ಹತ್ತು ರೈಡಲ್ಲಿ ಔಟಾದ್ರೂ ಪರವಾಗಿಲ್ಲ. ಬೋನಸ್ ಲೈನಿನ ತನಕ ಎಷ್ಟು ಸಲ ಹೋದೆ ಅಂತ ಮಾತ್ರ ಎಣಿಸ್ತೀನಿ.’ (ಬೋನಸ್ ಲೈನ್ ಬಾಕ್ ಲೈನಿನ ಆಚೆಗಿರುವ ಗೆರೆ.) ಎಣಿಕೆ ಹತ್ತರಲ್ಲಿ ಏಳು ಮುಟ್ಟುವವರೆಗೆ ಪಾಯಿಂಟಿನ ಮಾತು ಎತ್ತಬೇಡಿ. ಆತುರಪಟ್ಟರೆ ಮಗು ಮತ್ತೆ ಬಾಕ್ ಲೈನಿಗೆ ವಾಪಸಾಗುತ್ತದೆ, ಎರಡನೇ ಸಲ ಅಲ್ಲಿಂದ ಎಬ್ಬಿಸುವುದು ಇನ್ನೂ ಕಷ್ಟ.

ನಗುವ ಹುಡುಗನನ್ನು ಉಡಾಫೆ ಎಂದು ತಿಳಿಯಬೇಡಿ, ಹೆದರಿದಾಗ ನಗುವ ಮಕ್ಕಳಿದ್ದಾರೆ. ‘ಏನ್ ಹೇಳ್ದೆ, ಹೇಳು ನೋಡಣ’ ಎಂದು ಮೆತ್ತಗೆ ಕೇಳಿ. ತಿರುಗಿ ಹೇಳಿದರೆ ಅರ್ಥವಾಗಿದೆ. ತಿರುಗಿ ಜಗಳ ಆಡುವವನ ಜತೆ ಎಲ್ಲರ ಮುಂದೆ ವಾದಕ್ಕಿಳಿಯಬೇಡಿ. ಅಲ್ಲಿ ಇಬ್ಬರಿಗೂ ಸೋಲಲು ಆಗುವುದಿಲ್ಲ. ‘ನೀರು ಕುಡ್ಕೊಂಡು ಬಾ, ಹತ್ತು ನಿಮಿಷ ಬಿಟ್ಟು ಮಾತಾಡಣ’ ಎಂದು ಕಳಿಸಿ, ಆ ಹತ್ತನೇ ನಿಮಿಷಕ್ಕೆ ನೀವೇ ಅವನ ಹತ್ತಿರ ಹೋಗಿ.

ಎಲ್ಲವನ್ನೂ ಒಳಗೇ ಇಟ್ಟುಕೊಳ್ಳುವ ಮಗು ಅತಿ ಕಷ್ಟದ್ದು. ಇದಕ್ಕೆ ಗದರಿಕೆಯಷ್ಟೇ ಹೊಗಳಿಕೆಯೂ ಎಲ್ಲರ ಮುಂದೆ ಬೇಡ, ಎರಡಕ್ಕೂ ಮುದುಡುತ್ತದೆ. ಕೆಲಸ ಮಾಡುತ್ತಾ ಮಾತಾಡಿ: ಮ್ಯಾಟ್ ಸುತ್ತುವಾಗ, ಬಾಲ್ ಎತ್ತಿಡುವಾಗ, ಬಸ್ ಸ್ಟಾಪಿಗೆ ಎಲ್ಲರೂ ನಡೆದು ಹೋಗುವಾಗ. ಮುಖಕ್ಕೆ ಮುಖ ಕೊಟ್ಟು ಕೂರಿಸಿ ‘ಏನ್ ತೊಂದರೆ ಹೇಳು’ ಎಂದರೆ ಏನೂ ಬರುವುದಿಲ್ಲ. ‘ಇವತ್ತು ಯಾವುದು ಸರಿ ಬಂತು, ಯಾವುದು ಬರ್ಲಿಲ್ಲ’ ಎಂಬ ಎರಡೇ ಪ್ರಶ್ನೆ, ಅದೂ ವಾರಕ್ಕೆ ಎರಡು ಸಲ. ಮೊದಲ ತಿಂಗಳು ‘ಗೊತ್ತಿಲ್ಲ ಸರ್’ ಎಂಬ ಉತ್ತರವೇ ಬರಬಹುದು. ಕೇಳುವುದನ್ನು ನಿಲ್ಲಿಸಬೇಡಿ.

ಬಸ್ಕಿ, ರೌಂಡು ಮತ್ತು ಕೋಲು

ತಪ್ಪಿಗೆ ಇನ್ನೂರು ಬಸ್ಕಿ ಹೊಡೆಸುವ ಪದ್ಧತಿ ಇನ್ನೂ ಹೋಗಿಲ್ಲ. ಅಭ್ಯಾಸವಿಲ್ಲದ ಮಗುವಿಗೆ ಒಮ್ಮೆಲೇ ಅಷ್ಟು ಮಾಡಿಸಿದರೆ ತೊಡೆಯ ಸ್ನಾಯು ಒಡೆದು ಅದರ ಅಂಶ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಹಾನಿ ಮಾಡಬಹುದು. ಒಂದೆರಡು ದಿನದಲ್ಲಿ ತೊಡೆ ಊದಿ, ನಡೆಯಲಾಗದೆ, ಮೂತ್ರ ಟೀ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ಎಣ್ಣೆ ತಿಕ್ಕಿ ಕಾಯುವ ಹೊತ್ತಲ್ಲ ಅದು. ಮೈ ಕೆಡದಿದ್ದರೂ ಇನ್ನೊಂದು ನಷ್ಟವಿದೆ: ಓಟವನ್ನೇ ಶಿಕ್ಷೆ ಮಾಡಿದ ಮೇಲೆ ಓಡುವುದನ್ನು ಪ್ರೀತಿಸು ಎಂದು ಆ ಮಗುವಿಗೆ ಹೇಳುವುದು ಹೇಗೆ?

ತಪ್ಪಿಗೆ ತಕ್ಕ ಪರಿಣಾಮ ಇರಲಿ. ತಡವಾಗಿ ಬಂದವನು ಕೋನ್ ಜೋಡಿಸುತ್ತಾನೆ, ಮೊದಲ ಆಟದಲ್ಲಿ ಹೊರಗೆ ಕೂರುತ್ತಾನೆ. ಜತೆಗಾರನನ್ನು ಹೀಯಾಳಿಸಿದವನು ಅವನ ಜೋಡಿಯಾಗಿ ಆ ದಿನದ ಅಭ್ಯಾಸ ಮುಗಿಸುತ್ತಾನೆ. ಹೊಡೆತದ ಬಗ್ಗೆ ಚರ್ಚೆಯೇ ಇಲ್ಲ: 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮಕ್ಕಳ ಸಹಾಯವಾಣಿ 1098 ಸಂಖ್ಯೆಯನ್ನು ಬಟ್ಟೆ ಬದಲಿಸುವ ಕೋಣೆಯ ಗೋಡೆಯ ಮೇಲೆ ಬರೆಸಿ. ‘ಹೊಡೆದಾದ್ರೂ ಸರಿ ಮಾಡಿ ಸರ್’ ಎನ್ನುವ ತಂದೆತಾಯಿಗೆ ‘ಹೊಡೆದ್ರೆ ನನಗೆ ಹೆದರ್ತಾನೆ, ಎದುರಾಳಿಗೆ ಹೆದರದ ಹಾಗೆ ಆಗೋದಿಲ್ಲ’ ಎಂದು ನೇರವಾಗಿ ಹೇಳಿ.

ಮಳೆಗಾಲ, ಕೊಯ್ಲು ಕಾಲ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನ ಪಾಚಿಗಟ್ಟಿ ಜಾರುತ್ತದೆ, ಅಭ್ಯಾಸ ಶಾಲೆಯ ಜಗಲಿಗೆ ಬರುತ್ತದೆ. ಜಾರುವ ನೆಲದ ಮೇಲೆ ಹೆಜ್ಜೆ ಹಿಡಿದು ಓಡುವ ಮಗುವಿನದು ಹೇಡಿತನವಲ್ಲ, ಅದರ ಮೈ ಸರಿಯಾಗಿಯೇ ಲೆಕ್ಕ ಹಾಕುತ್ತಿದೆ. ತಗಡಿನ ಸೂರಿನ ಮೇಲೆ ಮಳೆ ಬಡಿಯುವಾಗ ಮಾತು ಕೇಳಿಸುವುದಿಲ್ಲ, ತರಬೇತುದಾರರು ಗೊತ್ತಿಲ್ಲದೆ ದನಿ ಏರಿಸುತ್ತಾರೆ, ಇಕ್ಕಟ್ಟಿನಲ್ಲಿ ಅದು ಇಮ್ಮಡಿಯಾಗಿ ತಾಗುತ್ತದೆ. ಅಂಥ ದಿನ ಕೈಸನ್ನೆ ಬಳಸಿ, ಆರಾರು ಮಕ್ಕಳ ಗುಂಪು ಮಾಡಿ, ಆ್ಯಂಕಲ್ ಹೋಲ್ಡ್ (ರೈಡರ್‌ನ ಪಾದದ ಗಂಟು ಹಿಡಿಯುವುದು), ಬ್ಯಾಟನ್ ಬದಲು, ಸ್ಟಾರ್ಟಿನ ನಿಲುವು ಮುಂತಾದ ಸಣ್ಣ ಕೌಶಲಗಳನ್ನು ತಗ್ಗಿದ ದನಿಯಲ್ಲಿ ತಿದ್ದಿ. ಒದ್ದೆ ಬಟ್ಟೆಯಲ್ಲಿ ಒಂದು ಗಂಟೆ ಮೀರಿ ನಿಲ್ಲಿಸಬೇಡಿ.

ಮಳೆ ಮುಗಿದ ಮೇಲೆ ಅಡಿಕೆ ಕೊಯ್ಲು. ಮನೆಯಲ್ಲಿ ರಾತ್ರಿ ಹನ್ನೊಂದರವರೆಗೆ ಸುಲಿಯುವ ಕೆಲಸ ನಡೆದರೆ ಮಕ್ಕಳೂ ಕೂತಿರುತ್ತಾರೆ. 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಐದು ಗಂಟೆ ಮಲಗಿ ಬಂದ ಹುಡುಗನಿಗೆ ಗದರಿಕೆ ಎರಡು ಪಟ್ಟು ತಾಗುತ್ತದೆ, ಅರ್ಧವೂ ತಲೆಗೆ ಹೋಗುವುದಿಲ್ಲ. ಬೆಳಗಿನ ಅಭ್ಯಾಸದಲ್ಲಿ ಮೊದಲ ಪ್ರಶ್ನೆ ‘ಎಷ್ಟ್ ಹೊತ್ತಿಗೆ ಮಲ್ಗಿದ್ದೆ?’ ಆಗಿರಲಿ. ಅಭ್ಯಾಸ ಮುಗಿದು ಅರ್ಧ ಗಂಟೆಗೆ ‘ಇವತ್ತು ಎಷ್ಟು ಕಷ್ಟ ಆಯ್ತು, ಸೊನ್ನೆಯಿಂದ ಹತ್ತರಲ್ಲಿ?’ ಎಂದು ಕೇಳಿ, ಅದನ್ನು ಅಭ್ಯಾಸ ನಡೆದ ನಿಮಿಷಗಳಿಂದ ಗುಣಿಸಿ ಬರೆಯಿರಿ, ಅದೇ ಆ ದಿನದ ಶ್ರಮದ ಲೆಕ್ಕ. 90 ನಿಮಿಷಕ್ಕೆ 6 ಅಂದರೆ 540. ಎಲ್ಲರೂ 5 ಅಂದ ದಿನ ಒಬ್ಬಳೇ 9 ಅಂದರೆ, ನಾಳೆ ಅವಳಿಗೆ ಹಗುರ ಕೆಲಸ, ಮೆತ್ತನೆ ಮಾತು.

ಪಂದ್ಯದ ದಿನ ಮತ್ತು ಆಮೇಲೆ

ಕಬಡ್ಡಿಯಲ್ಲೂ ವಾಲಿಬಾಲಿನಲ್ಲೂ ಟೈಮ್‌ಔಟ್ 30 ಸೆಕೆಂಡ್. ಮೊದಲ ಹತ್ತು ಸೆಕೆಂಡ್ ನೀರು, ಉಸಿರು. ಮುಂದಿನ ಹತ್ತರಲ್ಲಿ ಒಂದೇ ಒಂದು ಸೂಚನೆ. ಉಳಿದದ್ದು ಅವರವರೇ ಮಾತಾಡಿಕೊಳ್ಳಲಿಕ್ಕೆ. ಈಗಷ್ಟೇ ತಪ್ಪು ಮಾಡಿದ ಮಗುವಿನ ಹೆಸರು ಅಲ್ಲಿ ಬರಬಾರದು, ಅದಕ್ಕೆ ತನ್ನ ತಪ್ಪು ಎಲ್ಲರಿಗಿಂತ ಚೆನ್ನಾಗಿ ಗೊತ್ತಿದೆ. ಪಂದ್ಯಕ್ಕೆ ಮಗುವಿನ ತೂಕ ನೋಡುವ ಹಿಂದಿನ ದಿನ ಅನ್ನ ನೀರು ಬಿಡಿಸಿ ತೂಕವನ್ನು ಮಿತಿಯೊಳಗೆ ತರುವುದು ಬಿಗಿ ತರಬೇತಿ ಅಲ್ಲ, ನೀರಿಲ್ಲದ ಮಗು ಅಂಕಣದಲ್ಲಿ ಕುಸಿಯುತ್ತದೆ.

ಕೈಮೀರಿ ಬೈದುಬಿಟ್ಟರೆ 24 ಗಂಟೆಯೊಳಗೆ ಸರಿಮಾಡಿ. ಎಷ್ಟು ಜನ ಕೇಳಿಸಿಕೊಂಡಿದ್ದರೋ ಅಷ್ಟೂ ಜನರ ಮುಂದೆ ಹೇಳಿ: ‘ನಿನ್ನೆ ನಾನು ಹಾಗೆ ಅನ್ಬಾರ್ದಿತ್ತು, ತಪ್ಪಾಯ್ತು. ಸ್ಟಾರ್ಟ್ ಮಾತ್ರ ಸರಿ ಮಾಡ್ಬೇಕು, ಬಾ ಮಾಡಣ.’ ಅದರ ಬಾಲಕ್ಕೆ ‘ಆದ್ರೆ ನೀನೂ…’ ಎಂದು ಸೇರಿಸಿದರೆ ಕ್ಷಮೆ ಅಲ್ಲಿಗೇ ಮುಗಿಯಿತು.

ಎರಡು ವಾರ ಒಂದೇ ಸಮ ಅಭ್ಯಾಸದ ಹೊತ್ತಿಗೇ ಹೊಟ್ಟೆನೋವು, ಊಟ ಬಿಡುವುದು, ನಿದ್ದೆ ಬಾರದಿರುವುದು, ಗೆಳೆಯರಿಂದ ದೂರ ಕೂರುವುದು ಕಂಡರೆ ಗದರಿಕೆಯನ್ನು ಪೂರ್ತಿ ನಿಲ್ಲಿಸಿ ಮನೆಯವರ ಜತೆ ಮಾತಾಡಿ. ಸಾಯುವ ಮಾತು ಬಂದರೆ ಒಂಟಿಯಾಗಿ ಬಿಡದೆ ಅದೇ ದಿನ ವೈದ್ಯರ ಬಳಿ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ತಂಡದ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಾಕುವ ಮುಂಚೆ ಕೈಬಿಟ್ಟ ಮಕ್ಕಳಿಗೆ ಒಬ್ಬೊಬ್ಬರನ್ನೇ ಕರೆದು ಹೇಳಿ. ಕಾರಣ ಒಂದು, ತಿದ್ದಿಕೊಳ್ಳಬೇಕಾದದ್ದು ಒಂದು, ಮತ್ತೆ ನೋಡುವ ದಿನಾಂಕ ಒಂದು. ದಿನಾಂಕ ನೋಟ್‌ಬುಕ್ಕಿನಲ್ಲಿ ಬರೆದುಕೊಂಡದ್ದನ್ನು ಮಗು ಕಣ್ಣಾರೆ ನೋಡಲಿ. ಆ ದಿನ ಬಂದಾಗ ಮಗು ಕೇಳುವ ತನಕ ಕಾಯದೆ ನೀವೇ ಕರೆಯಿರಿ.